ತೊಟ್ಟಿಲತ್ತ ತಿರುಗಿದ ಕಣ್ಣುಗಳು

ನಮ್ಮ ಮನೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ಹೆಣ್ಣುಮಗಳೊಬ್ಬಳು ತೀರಿಕೊಂಡರೆ ಹಿರಿಯರ ಬಾಯಿಂದ ಬರುವ ಮೊದಲ ಸಾಂತ್ವನದ ಮಾತು, 'ಅವಳು ಶಹೀದ್ ಆಗಿದ್ದಾಳೆ, ಅಳಬೇಡಿ' ಎಂಬುದು. ಈ ಮಾತನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ದೀನಿಯಾತ್ ಪಾಠದಲ್ಲಿ ಕಲಿತಿದ್ದೇವೆ. ಸಾವಿನ ಮನೆಗಳಲ್ಲಿ ನಾವೇ ಇನ್ನೊಬ್ಬರಿಗೆ ಹೇಳಿದ್ದೇವೆ. ಓಣಿಯ ಆಚೆ ಬದಿಯ ಹಿಂದೂ ಮನೆಗಳಲ್ಲಿ ಇದೇ ಸಾವಿಗೆ ಬೇರೊಂದು ಮಾತಿದೆ. 'ಮುತ್ತೈದೆಯಾಗಿ ಹೋದಳು, ಪುಣ್ಯವಂತೆ' ಎನ್ನುತ್ತಾರೆ. ಎರಡು ಮಾತುಗಳ ಹಿಂದೆ ಇರುವುದೂ ಕರುಣೆಯೇ. ಹಸುಗೂಸನ್ನು ಬಿಟ್ಟು ಹೋದ ಇಪ್ಪತ್ತೈದರ ಹೆಣ್ಣಿನ ಶವದ ಮುಂದೆ ಕುಳಿತ ತಾಯಿಗೆ ಏನಾದರೂ ಒಂದು ಮಾತು ಹೇಳಲೇಬೇಕಲ್ಲ.

ಆದರೆ ಸತ್ತವಳಿಗಾಗಿ ಹುಟ್ಟಿದ ಈ ಸಾಂತ್ವನ ಬದುಕಿರುವವಳ ವಿಷಯದಲ್ಲಿ ನಮ್ಮನ್ನು ಏನು ಮಾಡಿದೆ? ಸಾವನ್ನು ತಾಳಿಕೊಳ್ಳಲೆಂದು ಕೊಟ್ಟ ಮಾತು, ಆ ಸಾವು ಬರುವ ಮೊದಲೇ ಅದನ್ನು ಒಪ್ಪಿಕೊಂಡು ಕೂರುವುದನ್ನು ನಮಗೆ ಕಲಿಸಿತೇ? ಈ ಪ್ರಶ್ನೆ ನಮ್ಮೊಳಗೆ ಇಪ್ಪತ್ತು ವರ್ಷಗಳಿಂದ ಇದೆ. ಅದನ್ನು ಎತ್ತಿದವರು ನಾವಲ್ಲ, ನಮ್ಮ ಖಾಲಾ.

ಅದು 2004ರ ಮಳೆಗಾಲ. ಖಾಲಾ ಅವರ ಮಗಳು ಎರಡು ಹೆಣ್ಣುಮಕ್ಕಳ ನಂತರ ಮೂರನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ಊರು ಸಣ್ಣ ತಾಲ್ಲೂಕು ಕೇಂದ್ರ. ಆಸ್ಪತ್ರೆಯಲ್ಲಿ ಬೆಳಗಿನ ಫಜರ್ ಹೊತ್ತಿಗೆ ಗಂಡು ಮಗುವಾಯಿತು. ಕಷ್ಟವೇನೂ ಇಲ್ಲದ ಹೆರಿಗೆ. ನರ್ಸಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದರು. ಹಿರಿಯರೊಬ್ಬರು ಬಲಗಿವಿಯಲ್ಲಿ ಅಜಾನ್ ಹೇಳಿದರು, ಖರ್ಜೂರವನ್ನು ಮೆದುವಾಗಿ ಜಗಿದು ಅಂಗುಳಿಗೆ ಸವರಿದರು. ಮೂಗು ಯಾರದ್ದು, ಹಣೆ ಯಾರದ್ದು ಎಂದು ಹೆಂಗಸರು ಚರ್ಚಿಸಿದರು. ನಾವು ಪೇಡೆ ತರಲು ಬಸ್ ನಿಲ್ದಾಣದ ಕಡೆ ಹೋದೆವು.

ಒಳಗೆ ಮಂಚದ ಮೇಲಿದ್ದವಳು 'ಚಳಿ ಆಗ್ತಿದೆ' ಎಂದಳಂತೆ. ಕಂಬಳಿ ಹೊದಿಸಿದರು. 'ನೀರು ಕೊಡಿ' ಎಂದಳಂತೆ. ಬಾಣಂತಿಗೆ ನೀರು ಬೇಡ ಎಂದು ಎರಡು ಚಮಚ ಕೊಟ್ಟು ಸುಮ್ಮನಾದರು. 'ಕಣ್ಣು ಕತ್ತಲೆ ಬರ್ತಿದೆ ಅಮ್ಮಿ' ಎಂದಾಗ, ರಾತ್ರಿಯೆಲ್ಲ ನೋವು ತಿಂದಿದ್ದಾಳೆ, ನಿದ್ದೆ ಮಾಡಲಿ ಎಂದರು. ಇಡೀ ವಾರ್ಡಿಗೆ ಇದ್ದದ್ದು ಒಬ್ಬರೇ ನರ್ಸು. ಅವರು ಪಕ್ಕದ ಕೋಣೆಯ ಇನ್ನೊಂದು ಹೆರಿಗೆಯಲ್ಲಿದ್ದರು. ಸುಮಾರು ಒಂದು ಗಂಟೆಯ ಮೇಲೆ ಖಾಲಾ ಕಂಬಳಿ ಎತ್ತಿ ನೋಡಿದರೆ ಕೆಳಗಿನ ಬಟ್ಟೆಯೆಲ್ಲ ತೊಯ್ದು ಹಾಸಿಗೆಗೆ ಇಳಿದಿತ್ತು.

ಅಲ್ಲಿಂದ ಮುಂದಿನದು ಓಡಾಟ. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು ವೈದ್ಯರು. ಗಂಡ ಲಾರಿಯೊಂದಿಗೆ ಸೊಲ್ಲಾಪುರದ ದಾರಿಯಲ್ಲಿದ್ದ. 'ಅವನನ್ನು ಕೇಳದೆ ಹೇಗೆ ಕಳಿಸುವುದು, ಗರ್ಭಕೋಶ ತೆಗೆದುಬಿಟ್ಟರೆ?' ಎಂದರು ಮಾವನ ಕಡೆಯವರು. ಕಾಗದಕ್ಕೆ ಯಾರು ಸಹಿ ಹಾಕಬೇಕೆಂಬ ಮಾತಿನಲ್ಲಿ ಸಮಯ ಹೋಯಿತು. ಬಾಡಿಗೆ ಜೀಪು ಗೊತ್ತು ಮಾಡುವಷ್ಟರಲ್ಲಿ ಇನ್ನಷ್ಟು ಸಮಯ ಹೋಯಿತು. ಆಕೆ ದಾರಿಯಲ್ಲೇ ತೀರಿಕೊಂಡಳು. ಪೇಡೆಯ ಪೊಟ್ಟಣ ಜೀಪಿನ ಸೀಟಿನ ಮೇಲೆ ಹಾಗೇ ಇತ್ತು.

ದಫನ್ ಆದ ಸಂಜೆ ಒಬ್ಬರಾದ ಮೇಲೊಬ್ಬರು ಬಂದು ಶಹಾದತ್ತಿನ ಮಾತು ಹೇಳಿದರು. ನಾವೂ ಹೇಳಿದೆವು. ಅದುವರೆಗೆ ತುಟಿ ಬಿಚ್ಚದಿದ್ದ ಖಾಲಾ ನಮ್ಮತ್ತ ನೋಡಿ ದಖ್ಖನಿಯಲ್ಲಿ ಕೇಳಿದ ಮಾತಿನ ಅರ್ಥ ಇಷ್ಟು: 'ಶಹೀದ್ ಆದಳು ಅಂತೀರಿ. ಸರಿ ಬೇಟಾ. ಹಾಗಾದರೆ ಕೊಂದವರು ಯಾರು?'

ಯಾರೂ ಉತ್ತರಿಸಲಿಲ್ಲ. ದುಃಖದಲ್ಲಿ ಏನೇನೋ ಮಾತಾಡುತ್ತಿದ್ದಾಳೆ, ಸಬ್ರ್ ಇರಲಿ ಎಂದು ಎದ್ದು ಹೋದರು. ದುಃಖದಲ್ಲಿ ಆಡಿದ್ದು ನಿಜ, ಆದರೆ ಆ ಮಾತು ದಿಕ್ಕು ತಪ್ಪಿದ ಮಾತಾಗಿರಲಿಲ್ಲ ಎಂದು ನಮಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ಶಹಾದತ್ತಿನ ಆ ವಚನವನ್ನೇ ಮತ್ತೊಮ್ಮೆ ನೋಡೋಣ. ಹದೀಸ್ ಗ್ರಂಥಗಳಲ್ಲಿ ಅದು ಒಂದು ಪಟ್ಟಿಯ ರೂಪದಲ್ಲಿದೆ. ಯುದ್ಧಭೂಮಿಯಲ್ಲಿ ಮಡಿದವರಲ್ಲದೆ ಬೇರೆ ಯಾರಿಗೆಲ್ಲ ಆ ದರ್ಜೆ ಸಿಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಪ್ಲೇಗಿನಿಂದ ಸತ್ತವರು, ಹೊಟ್ಟೆಯ ಬೇನೆಯಿಂದ ಸತ್ತವರು, ನೀರಿನಲ್ಲಿ ಮುಳುಗಿದವರು, ಬೆಂಕಿಗೆ ಸಿಕ್ಕವರು, ಕುಸಿದ ಕಟ್ಟಡದಡಿ ಸಿಲುಕಿದವರು. ಇವರ ಸಾಲಿನಲ್ಲೇ ಬಸಿರು–ಹೆರಿಗೆಯಲ್ಲಿ ತೀರಿಕೊಂಡ ಹೆಣ್ಣೂ ಬರುತ್ತಾಳೆ. ನಾವು ಆ ಪಟ್ಟಿಯಿಂದ ಅವಳೊಬ್ಬಳನ್ನು ಮಾತ್ರ ಎತ್ತಿಕೊಂಡು ನೆನಪಿಟ್ಟುಕೊಂಡಿದ್ದೇವೆ. ಅವಳ ಅಕ್ಕಪಕ್ಕದಲ್ಲಿ ಯಾರಿದ್ದಾರೆಂದು ನೋಡಿಲ್ಲ.

ನೋಡಿದರೆ ವಿಷಯ ತಾನೇ ಸ್ಪಷ್ಟವಾಗುತ್ತದೆ. ಕೆರೆಯಲ್ಲಿ ಮುಳುಗುತ್ತಿರುವ ಹುಡುಗನನ್ನು ಕಂಡು, 'ಬಿಡಿ, ಶಹೀದ್ ಆಗುತ್ತಾನೆ' ಎಂದು ದಡದಲ್ಲಿ ಯಾರಾದರೂ ನಿಲ್ಲುತ್ತಾರೆಯೇ? ಮನೆಗೆ ಬೆಂಕಿ ಬಿದ್ದಾಗ ನೀರಿನ ಕೊಡ ಹಿಡಿದು ಓಡುವ ಮೊದಲು ಮನೆಯ ಯಜಮಾನನ ಅಪ್ಪಣೆಗೆ ಕಾಯುತ್ತಾರೆಯೇ? ಗೋಡೆ ಕುಸಿದು ಅಡಿಯಲ್ಲಿ ಜನರಿದ್ದರೆ ಇಡೀ ಊರು ಬರಿಗೈಯಲ್ಲಿ ಮಣ್ಣು ಬಗೆಯುತ್ತದೆ. ಅಲ್ಲಿ ಮುಸ್ಲಿಮನೂ ಹಿಂದೂವೂ ಒಟ್ಟಿಗೇ ಇರುತ್ತಾರೆ. ಅವರನ್ನೆಲ್ಲ ಎಳೆದು ಬದುಕಿಸಿಕೊಳ್ಳಬೇಕೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಅದೇ ಸಾಲಿನ ಈ ಹೆಣ್ಣಿನ ವಿಷಯದಲ್ಲಿ ಮಾತ್ರ ನಾವು ದಡದಲ್ಲಿ ನಿಂತು ಆಕೆಯ ದರ್ಜೆಯ ಮಾತಾಡುತ್ತೇವೆ. ದರ್ಜೆ ಕೊಡುವವನು ದೇವರು. ಕೊಡ ಹಿಡಿದು ಓಡಬೇಕಾದವರು ನಾವು. ಅವನ ಕೆಲಸದ ಬಗ್ಗೆ ಮಾತಾಡಿ ನಮ್ಮ ಕೆಲಸದಿಂದ ತಪ್ಪಿಸಿಕೊಳ್ಳುವುದು ಭಕ್ತಿಯಲ್ಲ.

ಇನ್ನೊಂದು ಪ್ರಸಂಗವಿದೆ. ಕ್ರಿ.ಶ. 627ರ ಕಂದಕ ಯುದ್ಧದಲ್ಲಿ ಸಅದ್ ಇಬ್ನ್ ಮುಆಜ್ ಅವರ ತೋಳಿನ ನರಕ್ಕೆ ಬಾಣ ತಗಲಿತು. ಮದೀನಾದ ಮಸೀದಿಯ ಆವರಣದಲ್ಲೇ ಅವರಿಗಾಗಿ ಗುಡಾರವೊಂದನ್ನು ಹಾಕಿಸಲಾಯಿತು. ಕಾರಣ ಸರಳವಾದದ್ದು: ಪ್ರವಾದಿಯವರು ಅವರನ್ನು ಹತ್ತಿರದಿಂದ ನೋಡಿಕೊಳ್ಳುವಂತಾಗಲಿ ಎಂದು. ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ರುಫೈದಾ ಎಂಬ ಮಹಿಳೆಯ ಗುಡಾರ ಅದು ಎಂದು ಚರಿತ್ರೆಕಾರರು ಬರೆದಿದ್ದಾರೆ. ಸಅದ್ ಕೊನೆಗೆ ಬದುಕಲಿಲ್ಲ. ಶಹೀದರ ಸಾಲಿನಲ್ಲಿ ಅವರ ಸ್ಥಾನದ ಬಗ್ಗೆ ಯಾರಿಗೂ ಸಂಶಯವಿಲ್ಲ. ಆದರೂ ಅವರಿಗೆ ಹೇಗಿದ್ದರೂ ಶಹಾದತ್ ಸಿಗುತ್ತದೆ, ಗುಡಾರವೇಕೆ ಎಂದು ಅಂದು ಯಾರೂ ಕೇಳಲಿಲ್ಲ. ಶಹಾದತ್ತಿಗಿಂತ ಮೊದಲು ಒಂದು ಗುಡಾರವಿತ್ತು. ನಮ್ಮ ತಂಗಿಗೆ ಶಹಾದತ್ ಸಿಕ್ಕಿತು, ಗುಡಾರ ಸಿಗಲಿಲ್ಲ.

ಆಗ 'ತಕ್ದೀರ್' ಎನ್ನುವವರು ಇದ್ದೇ ಇರುತ್ತಾರೆ. ಬರೆದದ್ದು ತಪ್ಪುವುದುಂಟೇ? ಇದು ಇಂದಿನ ಪ್ರಶ್ನೆಯಲ್ಲ. ಶಾಮ್ ದೇಶದಲ್ಲಿ ಪ್ಲೇಗ್ ಹರಡಿದ್ದಾಗ ಅಲ್ಲಿಗೆ ಹೊರಟಿದ್ದ ಖಲೀಫಾ ಉಮರ್ ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದರು. ದೇವರ ವಿಧಿಯಿಂದ ಓಡಿಹೋಗುತ್ತೀರಾ ಎಂದು ಅವರನ್ನು ಕೇಳಿದವರು ಸಾಮಾನ್ಯರಲ್ಲ, ಅಬೂ ಉಬೈದಾ. ಉಮರರ ಉತ್ತರದ ಸಾರ ಇದು: ನಾನು ಹೋಗುತ್ತಿರುವುದೂ ದೇವರ ವಿಧಿಯ ಕಡೆಗೇ. ಅಂದರೆ ರೋಗವು ವಿಧಿಯಾದರೆ ಅದರಿಂದ ತಪ್ಪಿಸಿಕೊಳ್ಳುವ ದಾರಿಯೂ ವಿಧಿಯೇ. ಎದುರಿಗಿರುವ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದೆ ಎಂಬ ಲೆಕ್ಕ ಮನುಷ್ಯನ ಮೇಲಿದೆ.

ಈ ಲೆಕ್ಕ ಕಾಲದಿಂದ ಕಾಲಕ್ಕೆ ದೊಡ್ಡದಾಗುತ್ತ ಬಂದಿದೆ. ಜಗತ್ತಿನ ಅತ್ಯಂತ ಹೆಸರಾದ ಗೋರಿ ಯಾರದ್ದು? 1631ರಲ್ಲಿ ಬುರ್ಹಾನ್‌ಪುರದಲ್ಲಿ ತನ್ನ ಹದಿನಾಲ್ಕನೆಯ ಮಗುವನ್ನು ಹೆತ್ತು ತೀರಿಕೊಂಡ ಬಾಣಂತಿಯದ್ದು. ತಾಜ್‌ಮಹಲನ್ನು ಪ್ರೇಮದ ಗುರುತೆಂದು ತೋರಿಸುತ್ತೇವೆ. ಅದು ಹೆರಿಗೆಯ ಸಾವಿನ ಗುರುತೂ ಹೌದು ಎಂಬುದನ್ನು ನೆನೆಯುವುದಿಲ್ಲ. ಶಹಾಜಹಾನನ ಬಳಿ ಹಕೀಮರಿದ್ದರು, ದಾಯಿಯರಿದ್ದರು, ಇಡೀ ಸಾಮ್ರಾಜ್ಯದ ಬೊಕ್ಕಸವಿತ್ತು. ಆದರೆ ಇಂದು ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ತಂಪಿನಲ್ಲಿಡುವ ಆಕ್ಸಿಟೋಸಿನ್ ಎಂಬ ಸಣ್ಣ ಚುಚ್ಚುಮದ್ದು ಆತನ ಬಳಿ ಇರಲಿಲ್ಲ. ಇನ್ನೊಬ್ಬರ ರಕ್ತವನ್ನು ಏರಿಸುವ ವಿದ್ಯೆ ಇರಲಿಲ್ಲ. ಆ ಬಾದಶಹ 'ತಕ್ದೀರ್' ಎಂದಿದ್ದರೆ ಆ ಮಾತಿಗೆ ಅರ್ಥವಿತ್ತು. ನಾವು ಅದೇ ಮಾತನ್ನು ಅಷ್ಟೇ ಸುಲಭವಾಗಿ ಆಡಲಾರೆವು. ವಿಧಿಯ ಗಡಿ ಎಲ್ಲಿದೆ ಎಂದು ನಾವು ಕಾಣೆವು, ಆದರೆ ನಮ್ಮ ಅರಿವಿನ ಗಡಿ ಮುಂದೆ ಸರಿದಿದೆ. ತಿಳಿಯದಿದ್ದಾಗ ಮಾಡದಿದ್ದದ್ದು ಅಸಹಾಯಕತೆ. ತಿಳಿದೂ ಮಾಡದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಏನು ತಿಳಿದಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಂಡು ಆ ರಕ್ತನಾಳಗಳ ಬಾಯಿಯನ್ನು ಹಿಂಡಿ ಮುಚ್ಚಬೇಕು. ಅದು ಬಿಗಿಯದೆ ಮೆತ್ತಗೆ ಉಳಿದರೆ ರಕ್ತ ನಿಲ್ಲದು. ಎರಡು ಗಂಟೆಗಳೊಳಗೆ ಜೀವ ಹೋಗಬಹುದು. ಬಸುರಿನಲ್ಲಿ ಹೆಣ್ಣಿನ ಮೈಯ ರಕ್ತ ಮಾಮೂಲಿಗಿಂತ ಹೆಚ್ಚೂಕಡಿಮೆ ಅರ್ಧದಷ್ಟು ಹೆಚ್ಚಿರುತ್ತದೆ. ಹೀಗಾಗಿ ಬಹಳಷ್ಟು ಹರಿದುಹೋಗುವವರೆಗೆ ಆಕೆ ನೋಡಲು ಚೆನ್ನಾಗಿಯೇ ಇರುತ್ತಾಳೆ. ಮೊದಲು ನಾಡಿಯ ಓಟ ಹೆಚ್ಚುತ್ತದೆ, ಮೈ ತಣ್ಣಗಾಗುತ್ತದೆ, ಬಾಯಾರುತ್ತದೆ. ರಕ್ತದೊತ್ತಡ ಬೀಳುವುದು ತಡವಾಗಿ. ಚಳಿ, ನೀರು, ಕತ್ತಲೆ ಎಂದು ನಮ್ಮ ತಂಗಿ ಹೇಳಿದ ಮೂರೂ ಮಾತುಗಳು ವೈದ್ಯರ ಪುಸ್ತಕದಲ್ಲಿರುವ ಲಕ್ಷಣಗಳೇ. ಆಕೆ ತನ್ನ ರೋಗವನ್ನು ತಾನೇ ಸರಿಯಾಗಿ ವರದಿ ಮಾಡಿದ್ದಳು. ಕೇಳಿಸಿಕೊಳ್ಳಬೇಕಾದವರು ಮಗುವಿನ ಮೂಗು ನೋಡುತ್ತಿದ್ದರು.

ಕಣ್ಣಳತೆಯನ್ನು ನಂಬಲಾಗದು ಎಂಬುದನ್ನು ತೋರಿಸಿಕೊಟ್ಟ ಕೆಲಸದಲ್ಲಿ ನಮ್ಮ ಬೆಳಗಾವಿಯ ಪಾಲೂ ಇದೆ. ಅಲ್ಲಿನ ವೈದ್ಯರು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಬಾಣಂತಿಯ ಕೆಳಗೆ ಹಾಸಿ ರಕ್ತವನ್ನು ಅಳೆದರು. ಕಣ್ಣಂದಾಜು ನಿಜವಾದ ಅಳತೆಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಬರುತ್ತಿತ್ತು. ಅದೇ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಎಎನ್‌ಎಂ ಸಹೋದರಿಯರು ನುಂಗಿಸಿದಾಗ ಅತಿರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಮುಂದೆ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇಂಥದೇ ಅಳತೆಯ ಹಾಳೆ ಹಾಸಿ, ರಕ್ತ ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಡುವ ಕ್ರಮವನ್ನು ಪರೀಕ್ಷಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರ ಘೋರ ಪರಿಣಾಮಗಳು ಶೇಕಡಾ 60ರಷ್ಟು ಕಡಿಮೆಯಾದವೆಂದು 2023ರಲ್ಲಿ ವರದಿಯಾಯಿತು. ಒಂದು ಹಾಳೆ, ಅದರ ಮೇಲೊಂದು ಗೆರೆ, ಆ ಗೆರೆಯನ್ನು ನೋಡುತ್ತ ಕುಳಿತ ಒಬ್ಬರು. ಇಷ್ಟರಿಂದ ಇಷ್ಟಾಯಿತು.

ಇಲ್ಲಿಂದ ನಾವು 'ಐಸಿಯು' ಎಂಬ ಕೋಣೆಗೆ ಬರಬಹುದು. ಕನ್ನಡದಲ್ಲಿ ಅದನ್ನು 'ತೀವ್ರ ನಿಗಾ ಘಟಕ' ಎನ್ನುತ್ತೇವೆ. 'ತೀವ್ರ'ವೂ 'ಘಟಕ'ವೂ ಸಂಸ್ಕೃತದಿಂದ ಬಂದವು, ನಡುವಿನ 'ನಿಗಾ' ಫಾರಸಿಯ 'ನಿಗಾಹ್'. ಉರ್ದುವಿನಲ್ಲಿ ಇದೇ ಕೋಣೆಗೆ 'ಇಂತಿಹಾಯಿ ನಿಗಹ್‌ದಾಶ್ತ್' ಎಂಬ ಹೆಸರು. ಎರಡು ಭಾಷೆಗಳೂ ಒಂದೇ ಪದದ ಮೇಲೆ ನಿಂತಿವೆ, ಆ ಪದದ ಅರ್ಥ ನೋಟ. ಯಂತ್ರವೆಂದಲ್ಲ, ಔಷಧವೆಂದಲ್ಲ, ಕಣ್ಣು ತೆಗೆಯದೆ ನೋಡುವುದು. ಈ ಕೋಣೆಯ ಹುಟ್ಟೂ ಹಾಗೆಯೇ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ ಉಸಿರಾಟ ನಿಂತ ರೋಗಿಗಳು ಸಾಯುತ್ತಿದ್ದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ನೂರಾರು ವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ರೋಗಿಗಳ ಪಕ್ಕ ಕುಳಿತು ಹಗಲುರಾತ್ರಿ ಕೈಯಿಂದಲೇ ಚೀಲ ಒತ್ತಿ ಉಸಿರು ಕೊಟ್ಟರು. ಯಂತ್ರಗಳು ಆಮೇಲೆ ಬಂದವು.

ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲವು ತಿಂಗಳ ಹಿಂದೆ ಇದನ್ನು ಕಣ್ಣಾರೆ ಕಂಡೆವು. ನೆರೆಮನೆಯ ಸೊಸೆಗೆ ಹೆರಿಗೆಯಾದ ಮೂರನೆಯ ದಿನ, ಮನೆಗೆ ಬಂದ ಮೇಲೆ, ತಲೆನೋವು, ಕಣ್ಣು ಮಂಜು, ನಂತರ ಕೈಕಾಲು ಸೆಟೆದು ಫಿಟ್ಸ್ ಬಂತು. ಬಾಣಂತಿ ಸನ್ನಿ ಎಂದರು ಒಬ್ಬರು, 'ಸಾಯಾ' ತಗಲಿದೆ ಎಂದರು ಇನ್ನೊಬ್ಬರು. ಊದಿಸಲೆಂದು ಮಸೀದಿಯ ಹಜರತ್ ಅವರನ್ನು ಕರೆದರು. ಅವರು ಬಾಗಿಲಲ್ಲೇ ನಿಂತು ನೋಡಿ, 'ದುವಾ ನಾನು ಇಲ್ಲಿಂದಲೇ ಮಾಡುತ್ತೇನೆ. ನೀವು ಮೊದಲು 108ಕ್ಕೆ ಫೋನ್ ಮಾಡಿ' ಎಂದರು. ಆ ಹೆಣ್ಣು ಉಳಿದದ್ದರಲ್ಲಿ ಈ ಒಂದು ವಾಕ್ಯದ ಪಾಲು ದೊಡ್ಡದು.

ಆಸ್ಪತ್ರೆಯಲ್ಲಿ ಆಕೆಯನ್ನು ಬಸುರಿ–ಬಾಣಂತಿಯರಿಗಾಗಿಯೇ ಇರುವ ಎಚ್‌ಡಿಯು ಕೋಣೆಯಲ್ಲಿಟ್ಟರು. ಇಂಥ ಕೋಣೆಗಳು ಹೇಗಿರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಇದು ಸಾಮಾನ್ಯ ವಾರ್ಡಿಗೂ ಐಸಿಯುವಿಗೂ ನಡುವಿನ ಮೆಟ್ಟಿಲು. ರಕ್ತದೊತ್ತಡದ ಈ ನಂಜಿಗೆ ಮ್ಯಾಗ್ನೀಸಿಯಂ ಸಲ್ಫೇಟ್ ಎಂಬ ಔಷಧ ಕೊಡುತ್ತಾರೆ. ದುಬಾರಿಯಲ್ಲದ, ಹಳೆಯ ಔಷಧ. ಫಿಟ್ಸ್ ತಡೆಯುವಲ್ಲಿ ಅದರಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ಆದರೆ ಪ್ರಮಾಣ ಮೀರಿದರೆ ಉಸಿರಾಟವನ್ನೇ ನಿಲ್ಲಿಸಬಲ್ಲದು. ಆದ್ದರಿಂದ ಒಬ್ಬರು ಪಕ್ಕದಲ್ಲೇ ಇರಬೇಕು. ಅಲ್ಲಿದ್ದ ನರ್ಸ್ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಆಕೆಯ ಕೈಯಲ್ಲಿ ರಬ್ಬರಿನ ಪುಟ್ಟ ಸುತ್ತಿಗೆ. ಗಂಟೆಗೊಮ್ಮೆ ಬಂದು ಮಂಡಿಗೆ ತಟ್ಟಿ ಕಾಲು ಜಿಗಿಯುತ್ತದೆಯೇ ಎಂದು ನೋಡುವಳು. ಒಂದು ನಿಮಿಷ ಪೂರ್ತಿ ನಿಂತು ಉಸಿರು ಎಣಿಸುವಳು. ಚೀಲದಲ್ಲಿ ಮೂತ್ರ ಎಷ್ಟು ಬಂದಿದೆ ಎಂದು ಅಳೆದು ಬರೆಯುವಳು. ರಾತ್ರಿ ಎರಡು ಗಂಟೆಗೂ ಸುತ್ತಿಗೆಯ ಆ ಸಣ್ಣ ಸದ್ದು ಹೊರಗಿನ ಬೆಂಚಿನಲ್ಲಿದ್ದ ನಮಗೆ ಕೇಳುತ್ತಿತ್ತು. ಮಗು ಇನ್ನೊಂದು ಕಡೆ ಅಜ್ಜಿಯ ಮಡಿಲಲ್ಲಿತ್ತು. ಆ ರಾತ್ರಿ ಆ ಕೋಣೆಯಲ್ಲಿ ಮಗುವಿನ ತಾಯಿಯೆಂದಲ್ಲ, ಒಂದು ಜೀವವೆಂದು ಆಕೆಯನ್ನು ನೋಡುತ್ತಿದ್ದರು. ಇಪ್ಪತ್ತು ವರ್ಷಗಳ ಹಿಂದೆ ನಾವು ಮಾಡದೆ ಬಿಟ್ಟ ಕೆಲಸ ಇದೇ ಎಂದು ಅಲ್ಲಿ ಕುಳಿತು ಅರ್ಥವಾಯಿತು.

ಹೆರಿಗೆಯ ಸಾವುಗಳ ಬಗ್ಗೆ ಥಾಡಿಯಸ್ ಮತ್ತು ಮೈನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ಆಗುವ ತಡ, ತಲುಪುವಲ್ಲಿ ಆಗುವ ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ಆಗುವ ತಡ. ಎರಡನೆಯದನ್ನು ನಮ್ಮ ರಾಜ್ಯ ಸಾಕಷ್ಟು ಕಡಿಮೆ ಮಾಡಿದೆ. 2008ರ ನವೆಂಬರ್‌ನಲ್ಲಿ 108 ಆಂಬುಲೆನ್ಸ್ ಬಂತು. 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವೂ ಉಚಿತವೆಂದಾಯಿತು. ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ ಕರ್ನಾಟಕದಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಲೆಕ್ಕದಲ್ಲಿ ನೆರೆಯ ಕೇರಳದ ಸಂಖ್ಯೆ 19 ಇತ್ತು. 69ಕ್ಕೂ 19ಕ್ಕೂ ನಡುವಿನ 50 ಹೆಣ್ಣುಮಕ್ಕಳನ್ನು ತಕ್ದೀರಿನ ಖಾತೆಗೆ ಹಾಕಲು ನಮ್ಮ ಮನಸ್ಸು ಒಪ್ಪುವುದಿಲ್ಲ. ವಿಧಿಯು ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಬದಲಾಗುವುದಿಲ್ಲವಲ್ಲ.

ಮೊದಲ ವಿಳಂಬ ಮಾತ್ರ ಈಗಲೂ ಮನೆಯೊಳಗಿನದು, ಅಂದರೆ ನಮ್ಮದು. ಗಂಡ ಬರಲಿ, ಮಾವ ಹೇಳಲಿ, ಲೇಡಿ ಡಾಕ್ಟರೇ ಇರಲಿ ಎಂದು ಕಾಯುವ ತಡ ಅದು. ಜೀವಕ್ಕೆ ಅಪಾಯವಿದ್ದಾಗ ಪರದೆಯ ನಿಯಮ ಸಡಿಲವಾಗುತ್ತದೆಂದು ಧರ್ಮಶಾಸ್ತ್ರ ಬಲ್ಲವರೆಲ್ಲ ಒಪ್ಪುತ್ತಾರೆ. ಒಪ್ಪದವರು ಆಸ್ಪತ್ರೆಯ ಅಂಗಳದಲ್ಲಿ ಸಿಗುವ ದೂರದ ನೆಂಟರು. ಇನ್ನು ಸಹಿಯ ವಿಷಯ. ವಯಸ್ಕ ಹೆಣ್ಣಿನ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವಳು ಆಕೆಯೇ. ಪ್ರಜ್ಞೆ ತಪ್ಪಿದ್ದ ರೋಗಿಯ ತಾಯಿಯಿಂದ ಪಡೆದ ಒಪ್ಪಿಗೆ ಆಕೆಯ ಒಪ್ಪಿಗೆಯಾಗದು, ಜೀವ ಉಳಿಸಲು ತಡಮಾಡಲಾಗದ ಸಂದರ್ಭ ಮಾತ್ರ ಇದಕ್ಕೆ ಹೊರತು ಎಂದು ಸುಪ್ರೀಂ ಕೋರ್ಟ್ 2008ರ ತೀರ್ಪೊಂದರಲ್ಲಿ ಹೇಳಿದೆ. 2004ರ ಆ ಬೆಳಿಗ್ಗೆ ನಮ್ಮ ತಂಗಿಗೆ ಇನ್ನೂ ಎಚ್ಚರವಿತ್ತು. ಪೆನ್ನು ಹಿಡಿಯುವ ಶಕ್ತಿಯೂ ಇತ್ತು. ನಾವು ಎಲ್ಲರನ್ನೂ ಕೇಳಿದೆವು, ಆಕೆಯನ್ನು ಕೇಳಲಿಲ್ಲ.

ಮನೆಯವರ ಹಿಂಜರಿಕೆಯಲ್ಲಿ ಹುರುಳೇ ಇಲ್ಲ ಎಂದೂ ಹೇಳಲಾಗದು. ಐಸಿಯು ಎಂಬ ಮೂರಕ್ಷರ ಕೇಳಿದರೆ ಬಡವನಿಗೆ ನೆನಪಾಗುವುದು ಬಿಲ್ಲು. ಮಾರಿದ ಹೊಲ, ಒತ್ತೆಯಿಟ್ಟ ಬಳೆ ಕಣ್ಣಮುಂದೆ ಬರುತ್ತವೆ. ಬೇಕಿಲ್ಲದಿದ್ದರೂ ಹೊಟ್ಟೆ ಕೊಯ್ಯುತ್ತಾರೆ ಎಂಬ ಗುಮಾನಿ ಪೂರ್ತಿ ಸುಳ್ಳೂ ಅಲ್ಲ. ಬುರ್ಖಾ ತೊಟ್ಟು ಬಂದವಳಿಗೆ, ಹಳ್ಳಿಯ ಸೀರೆಯಲ್ಲಿ ಬಂದವಳಿಗೆ ಒರಟು ಮಾತು ಆಡುವ ವಾರ್ಡುಗಳನ್ನು ನಾವು ಕಂಡಿದ್ದೇವೆ. ಅಂಥ ಒಂದು ಒರಟು ಮಾತು ಮುಂದಿನ ಹೆರಿಗೆಗೆ ಹತ್ತು ಹೆಂಗಸರನ್ನು ಮನೆಯಲ್ಲೇ ಉಳಿಸುತ್ತದೆ.

ಮೂರನೆಯ ವಿಳಂಬದ ಹೊಣೆ ಆಸ್ಪತ್ರೆಯದು, ಆಳುವವರದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ಆಸ್ಪತ್ರೆಗೆ ನಂಬಿ ಬಂದು ಸಿಸೇರಿಯನ್ ಮಾಡಿಸಿಕೊಂಡ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು. ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆನಂತರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಲಾಯಿತು. ಅವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು ಎಂದು ಸರ್ಕಾರವೇ 2025ರಲ್ಲಿ ಹೇಳಿತು. ಖಾಲಾ ಕೇಳಿದ ಪ್ರಶ್ನೆಗೆ ಸರ್ಕಾರಿ ಕಾಗದದ ಮೇಲೆ ಬಂದ ಉತ್ತರ ಇದು. ಅದರಲ್ಲಿ ಯಾವ ಒಬ್ಬ ಕೊಲೆಗಾರನ ಹೆಸರೂ ಇಲ್ಲ. ನೋಡದೆ ಹೋದ ಕಣ್ಣುಗಳಿವೆ. ಪರೀಕ್ಷಿಸದ ಬಾಟಲಿ, ತುಂಬದ ಹುದ್ದೆ, ಏಳದ ಯಜಮಾನ, ಪೇಡೆ ತರಲು ಹೋದ ಅಣ್ಣ ಎಲ್ಲರೂ ಅದರಲ್ಲಿದ್ದಾರೆ.

ಹಾಗೆಂದು ಎಲ್ಲ ಸಾವುಗಳನ್ನೂ ತಡೆಯಬಹುದು ಎಂಬ ಗರ್ವ ನಮಗೆ ಬೇಡ. ಎಲ್ಲವನ್ನೂ ಮಾಡಿದ ಮೇಲೂ, ರಕ್ತ ಕೊಟ್ಟು, ಶಸ್ತ್ರಚಿಕಿತ್ಸೆ ಮಾಡಿ, ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತ ಮೇಲೂ ಕೆಲವರು ಹೋಗುತ್ತಾರೆ. ಸಅದ್ ಹೋದರು. ಅಂಥ ಸಾವಿನ ಮುಂದೆ ಶಹಾದತ್ತಿನ ಮಾತು ತನ್ನ ಪೂರ್ತಿ ಬೆಲೆಯೊಂದಿಗೆ ನಿಲ್ಲುತ್ತದೆ. ಹೆತ್ತವರ ಕಣ್ಣೊರೆಸುತ್ತದೆ. ಆ ಮಾತನ್ನು ಆಡುವ ಹಕ್ಕು ಯಾರಿಗಿದೆ ಎಂದರೆ, ಆಕೆ ಬದುಕಿದ್ದಾಗ ತಮ್ಮ ಪಾಲಿನ ಕೆಲಸ ಮಾಡಿದವರಿಗೆ. ಉಳಿದವರು ಸಾವಿನ ಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುವುದು ಒಳ್ಳೆಯದು.

ನಮ್ಮ ಪಾಲಿನ ಕೆಲಸ ದೊಡ್ಡದೇನಲ್ಲ. ದಿನ ತುಂಬುವ ಮೊದಲೇ ಯಾವ ಆಸ್ಪತ್ರೆ, ಯಾವ ವಾಹನ, ಯಾರ ರಕ್ತ ಎಂದು ಗೊತ್ತು ಮಾಡಿಕೊಳ್ಳುವುದು. ಗಂಡಸರು ರಕ್ತ ಕೊಡಲು ಹೆದರದಿರುವುದು. ಬಾಣಂತಿಯ ಜ್ವರ, ತಲೆನೋವು, ಉಬ್ಬಸವನ್ನು 'ಬಾಣಂತನದಲ್ಲಿ ಇದ್ದದ್ದೇ' ಎಂದು ತಳ್ಳಿಹಾಕದಿರುವುದು. ನಲವತ್ತು ದಿನಗಳ ಚಿಲ್ಲಾ ಎಂದರೆ ಆಕೆಯನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕುವ ದಿನಗಳಲ್ಲ, ನಲವತ್ತು ದಿನವೂ ಆಕೆಯ ಮೇಲೆ ಕಣ್ಣಿಡುವ ದಿನಗಳು. ನಮ್ಮ ಅಜ್ಜಿಯರು ಅದನ್ನು ಮಾಡಿದ್ದೂ ಅದಕ್ಕಾಗಿಯೇ ಇರಬೇಕು. ಜುಮಾ ಖುತುಬಾದಲ್ಲಿ ವರ್ಷಕ್ಕೆ ಎರಡು ಸಲವಾದರೂ ಈ ಮಾತು ಬರಲಿ.

ಖಾಲಾ ಈಗ ಎಪ್ಪತ್ತು ದಾಟಿದ್ದಾರೆ. ಮೊಮ್ಮಗ ಕಾಲೇಜು ಮುಗಿಸುತ್ತಿದ್ದಾನೆ. ಓಣಿಯಲ್ಲಿ ಯಾರ ಮನೆಯ ಹೆರಿಗೆಯಾದರೂ, ಯಾವ ಜಾತಿಯವರಾದರೂ, ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಮಗುವನ್ನು ಹೊರಗೆ ತಂದಾಗ ಎಲ್ಲರೂ ಮುತ್ತಿಕೊಳ್ಳುತ್ತಾರೆ. ಖಾಲಾ ಮಾತ್ರ ಆ ಕಡೆ ತಿರುಗದೆ ನೇರವಾಗಿ ಮಂಚದ ಹತ್ತಿರ ಹೋಗಿ, ಕೈ ಹಿಡಿದು ತಣ್ಣಗಿದೆಯೇ ನೋಡಿ, ಹೊದಿಕೆ ಎತ್ತಿ ಬಟ್ಟೆ ನೋಡಿ, ಸ್ಟೂಲು ಎಳೆದು ಕೂರುತ್ತಾರೆ. 'ಮಗು ನೋಡಿ ಖಾಲಾ, ಎಷ್ಟು ಮುದ್ದಾಗಿದೆ' ಎಂದರೆ ಅವರ ಉತ್ತರ ಯಾವಾಗಲೂ ಒಂದೇ: 'ನೋಡ್ತೀನಿ ಮಾ, ಆಮೇಲೆ ನೋಡ್ತೀನಿ. ಮೊದಲು ಇವಳನ್ನು ನೋಡ್ಬೇಕು.'